ಬುಕ್ಕಸಾಗರಕ್ಕೆ ಕಳಿಸಿದ ತಂಗಿ

ನನ್ನ ತಂಗಿಗೆ ಚಿಕ್ಕಂದಿನಿಂದ ಫಿಟ್ಸ್. ಬಂದಾಗಲೆಲ್ಲ ಅವ್ವ ಓಡಿಬಂದು ಅವಳ ಮುಷ್ಟಿಯೊಳಗೆ ಬೀಗದ ಕೈ ಗೊಂಚಲು ತುರುಕುತ್ತಿದ್ದಳು. ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತದೆಂದು ಯಶವಂತನಗರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ನಿಲ್ಲುತ್ತಿದ್ದದ್ದು ತನ್ನಷ್ಟಕ್ಕೆ ತಾನೇ. ಹೆಸರು ಮಾತ್ರ ಬೀಗದ ಕೈಗೆ.

ನಮ್ಮೂರ ಸುತ್ತ ಕಬ್ಬಿಣದ ಗಣಿಯ ಭರಾಟೆಯ ಕಾಲ. ಅವಳು ಇಪ್ಪತ್ತು ದಾಟಿದ್ದಳು, ಯಾವ ಗುಳಿಗೆಯೂ ನಾಟುತ್ತಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಯೊಂದು ಅವಳನ್ನು ಹೊಸ ಚಿಕಿತ್ಸೆಯ ಪರೀಕ್ಷೆಗೆ ಸೇರಿಸಿಕೊಂಡಿತು. ತಲೆಬುರುಡೆಗೆ ತೂತು ಕೊರೆದು ಮಿದುಳಿನೊಳಗೆ ತಂತಿ ಇಳಿಸಿದರು. ಎದೆಯ ಚರ್ಮದಡಿ ಬೆಂಕಿಪೊಟ್ಟಣದಂಥ ಯಂತ್ರ. ಅದು ಸಣ್ಣಗೆ ಕರೆಂಟು ಕೊಟ್ಟು ಫಿಟ್ಸ್ ತಡೆಯಬೇಕು. ತಡೆದೇ ತಡೆಯುತ್ತದೆ ಎಂದು ಡಾಕ್ಟರು ಹೇಳಲಿಲ್ಲ, ನೋಡೋಣ ಎಂದರು. ದೊಡ್ಡ ಅಯಸ್ಕಾಂತದ ಹತ್ತಿರ ಮಾತ್ರ ಹೋಗಬಾರದು, ಯಂತ್ರ ಬಂದ್ ಆದೀತು ಎಂದರು.

ನಮ್ಮವ್ವನಿಗೆ ಅಷ್ಟೇ ಸಾಕಾಯಿತು. ಅವಳ ತಲೆಗೆ ಒಂದು ಮಾತು ಹೊಕ್ಕರೆ ದೇವರು ಬಂದರೂ ತೆಗೆಯಲಾರ. ನಮ್ಮ ಅಂಗಳದಲ್ಲಿ ಅಯಸ್ಕಾಂತ ಎಳೆದರೆ ಅದರ ಮೈತುಂಬ ಧೂಳು ಮೆತ್ತಿಕೊಳ್ಳುತ್ತಿತ್ತು, ಎಲ್ಲ ಮಕ್ಕಳೂ ಆಡಿದ ಆಟ ಅದು. ಅದಿರು ಲಾರಿಗಳು ಹಗಲಿಡೀ ಹಾಯುವ ಊರು, ಉಣ್ಣುವ ಅನ್ನದ ಮೇಲೂ ಕೆಂಪು ಧೂಳು. ಈ ಕಬ್ಬಿಣದ ಧೂಳೇ ಮಗಳ ಯಂತ್ರವನ್ನು ನಿಲ್ಲಿಸುತ್ತದೆ ಎಂದು ತೀರ್ಮಾನಿಸಿಬಿಟ್ಟಳು. ನಾನು ಜಗಳ ತೆಗೆದೆ, ಡಾಕ್ಟರನ್ನಾದರೂ ಕೇಳೋಣ ಎಂದೆ. ತಂತಿ ಇರುವುದು ನಿನ್ನ ತಲೆಯೊಳಗಲ್ಲ ಎಂದು ನನ್ನ ಬಾಯಿ ಮುಚ್ಚಿಸಿ, ತಂಗಿಯನ್ನು ಬುಕ್ಕಸಾಗರದ ಸೋದರಮಾವನ ಮನೆಗೆ ಕಳಿಸಿದಳು. ಅಲ್ಲಿ ಸುತ್ತಲೂ ಭತ್ತದ ಗದ್ದೆ, ಧೂಳಿಲ್ಲ.

ತಂಗಿ ಹುಟ್ಟಿದಾಗಿನಿಂದ ಅವ್ವನ ಮಗ್ಗುಲಲ್ಲೇ ಮಲಗಿದವಳು. ಅಲ್ಲಿ ಫಿಟ್ಸ್ ಏನೋ ಕಡಿಮೆಯಾಗಿತ್ತು, ಆದರೆ ಫೋನು ಮಾಡಿದಾಗಲೆಲ್ಲ ಅವಳದು ಒಂದೇ ಮಾತು.

"ಯವ್ವಾ, ನನ್ನ ಕರ್ಕೊಂಡು ಹೋಗು. ಮನ್ಯಾಗ ಸುಮ್ನ ಕುಂದ್ರತೀನಿ, ಹೊರಗ ಕಾಲಿಡಂಗಿಲ್ಲ."

ಅವ್ವ ಫೋನಿಟ್ಟು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಕರೆತರಲು ಮಾತ್ರ ಒಪ್ಪಲಿಲ್ಲ.

ಒಂದು ಬೆಳಿಗ್ಗೆ ಮಾವನ ಹೆಂಡತಿ ಚಹಾಕ್ಕೆ ಎಬ್ಬಿಸಲು ಹೋದರೆ ತಂಗಿ ಏಳಲಿಲ್ಲ. ನಿದ್ದೆಯಲ್ಲೇ ಫಿಟ್ಸ್ ಬಂದು ಜೀವ ಹೋಗಿತ್ತು. ಆ ಕೋಣೆಯಲ್ಲಿ ಅವಳೊಬ್ಬಳೇ ಮಲಗಿದ್ದಳು.

ಕಾರ್ಯಗಳೆಲ್ಲ ಮುಗಿದ ಮೇಲೆ ನಾನೊಬ್ಬಳೇ ಬೆಂಗಳೂರಿಗೆ ಹೋದೆ. ಧೂಳಿನ ಮಾತು ಡಾಕ್ಟರಿಗೆ ಮೊದಲು ಅರ್ಥವೇ ಆಗಲಿಲ್ಲ, ಎರಡು ಸಲ ಹೇಳಿಸಿಕೊಂಡರು.

"ಧೂಳಿನಿಂದ ಏನೂ ಆಗ್ತಿರಲಿಲ್ಲಮ್ಮ," ಎಂದರು. "ಮನೇಲೇ ಇಟ್ಕೋಬಹುದಿತ್ತು."

ಊರಿಗೆ ಬಂದಾಗ ಅವ್ವ ಹೊಸ್ತಿಲಲ್ಲೇ ಕೂತಿದ್ದಳು. ಡಾಕ್ಟರು ಏನಂದರು ಎಂದು ಕೇಳಿದಳು. ಆ ಮುಖ ನೋಡಿ, ಜಗಳಗಂಟಿ ಎಂದು ಹೆಸರಾದ ನನ್ನ ನಾಲಿಗೆಯೇ ಸುಳ್ಳಿಗೆ ಹೊರಳಿತು. ಇಲ್ಲಿದ್ದಿದ್ದರೆ ಇಷ್ಟು ದಿನವೂ ಉಳಿಯುತ್ತಿರಲಿಲ್ಲವಂತೆ, ದೂರ ಇಟ್ಟಿದ್ದೇ ಒಳ್ಳೆಯದಾಯಿತಂತೆ ಎಂದೆ.

ಅವ್ವ ಕಣ್ಣೊರೆಸಿಕೊಂಡು ಒಳಗೆ ಬಂದು, ಎಷ್ಟೋ ದಿನಗಳ ಮೇಲೆ ತಾನೇ ತಟ್ಟೆ ಹಾಕಿಕೊಂಡಳು. ನಾನು ಬಡಿಸಿದೆ.

"ಆಕಿ ಅಷ್ಟು ಅತ್ತು ಕರದ್ರೂ ನಾ ಗಟ್ಟಿಯಾಗಿ ನಿಂತೆ," ಎಂದಳು. "ಚಲೋ ಆತಲ್ಲ?"

ನಾನು ಹೂಂ ಎಂದೆ.