ಗುರುತು ಹಾಕದ ಕರುಳು

ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ವಾರಕ್ಕೆರಡು ದಿನ ಮೈಸೂರಿನಿಂದ ಕೊಳ್ಳೇಗಾಲದ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋಗಿ ಲ್ಯಾಪರೋಸ್ಕೋಪಿ ಮಾಡುತ್ತಿದ್ದೆ. ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ನಾಲ್ಕೈದು ಸಣ್ಣ ರಂಧ್ರಗಳಿಂದ ಕ್ಯಾಮೆರಾ, ಉಪಕರಣ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ ಇದು. ಅದರಲ್ಲಿ ನನಗೆ ಹೆಸರಿತ್ತು. ಹೆಸರಿನ ಜೊತೆಗೆ ಜಂಬವೂ ಇತ್ತು.

ಬಸವಶೆಟ್ಟರು ಅಲ್ಲಿನ ರೇಷ್ಮೆ ನೇಕಾರರು, ಅರವತ್ತರ ಆಸುಪಾಸು. ಮಲದಲ್ಲಿ ರಕ್ತ ಹೋಗುತ್ತಿತ್ತು. ಬೇರೆಡೆ ಮಾಡಿಸಿದ ಕೊಲೊನೋಸ್ಕೋಪಿಯಲ್ಲಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಕೊಳವೆ ಹಾಯಿಸಿ ನೋಡುವ ಪರೀಕ್ಷೆಯಲ್ಲಿ, ದೊಡ್ಡ ಕರುಳಿನ ಎಡಭಾಗದಲ್ಲಿ ಸಣ್ಣ ಕ್ಯಾನ್ಸರ್ ಗಡ್ಡೆ ಕಂಡಿತ್ತು. ಶೆಟ್ಟರಿಗೆ ಕ್ಯಾನ್ಸರಿಗಿಂತ ಮಗ್ಗದ್ದೇ ಚಿಂತೆ. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು, ಹೊಟ್ಟೆಯನ್ನು ಮುಂದಿನ ಮರಕ್ಕೆ ಒತ್ತಿಕೊಂಡು ದಿನವಿಡೀ ಕೂರಬೇಕು.

“ಒಟ್ಟೆ ಉದ್ದುಕ್ಕೂ ಕುಯ್ದ್ರೆ ಗುಂಡೀಗೆ ಇಳಿಯಕಾಯ್ತದಾ ಸಾ?” ಎಂದು ಕೇಳಿದರು. ಸಣ್ಣ ತೂತುಗಳಲ್ಲೇ ಮುಗಿಸುತ್ತೇನೆಂದು ಮಾತು ಕೊಟ್ಟುಬಿಟ್ಟೆ. ಸರ್ಜನ್ ಆದವನು ಆಡಬಾರದ ಮಾತು ಅದು.

ಆಪರೇಷನ್ ಶುರುವಾಗಿ ಮುಕ್ಕಾಲು ಗಂಟೆಯಾದರೂ ಪರದೆಯ ಮೇಲೆ ಗಡ್ಡೆ ಕಾಣಲಿಲ್ಲ. ಸಣ್ಣ ಗಡ್ಡೆ ಕರುಳಿನ ಒಳಗೋಡೆಯಲ್ಲಿರುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಹೊಟ್ಟೆ ತೆರೆದಿದ್ದರೆ ಬೆರಳಿಗಾದರೂ ಸಿಗುತ್ತಿತ್ತು. ಉಪಕರಣದ ತುದಿಗೆ ಆ ಸ್ಪರ್ಶವಿಲ್ಲ. ಅದಕ್ಕೇ ಕೊಲೊನೋಸ್ಕೋಪಿ ಮಾಡುವಾಗ ಗಡ್ಡೆಯ ಪಕ್ಕ ಕಪ್ಪು ಇಂಕ್ ಚುಚ್ಚಿ ಗುರುತು ಮಾಡಿಸಬೇಕು. ಗುರುತಿದೆಯೇ ಎಂದು ನಾನು ವಿಚಾರಿಸಿಯೇ ಇರಲಿಲ್ಲ. ಪಳಗಿದ ಕೈಗೆ ಅಸಡ್ಡೆ ಬೇಗ ಬರುತ್ತದೆ.

ರಿಪೋರ್ಟಿನ ಅಳತೆಯನ್ನು ನಂಬಿ, ಕರುಳು ಕತ್ತರಿಸುವ ಸ್ಟೇಪ್ಲರಿನ ಬಾಯನ್ನು ಕರುಳಿಗೆ ಕಚ್ಚಿಸಿಯೂ ಆಯಿತು. ಇನ್ನು ಅದರ ಹಿಡಿಯನ್ನು ಅದುಮುವುದಷ್ಟೇ ಬಾಕಿ.

“ಗಡ್ಡೆ ಕಾಣ್ತಾ ಸರ್?” ಎಂದರು ಅರಿವಳಿಕೆ ತಜ್ಞೆ ಡಾ. ಶೀಲಾ.

ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ ಹೆದರಿದ್ದೆ. ತಪ್ಪು ತುಂಡು ಕತ್ತರಿಸಿದರೆ ಒಳ್ಳೆಯ ಕರುಳು ಹೋಗುತ್ತದೆ, ಕ್ಯಾನ್ಸರ್ ಒಳಗೇ ಉಳಿಯುತ್ತದೆ. ಸ್ಟೇಪ್ಲರ್ ಬಿಡಿಸಿ ಹೊರತೆಗೆದೆ. ಕೆಳಮಹಡಿಯಿಂದ ಕೊಲೊನೋಸ್ಕೋಪ್ ತರಲು ಹೇಳಿ, ಅದಕ್ಕೂ ಸಿಗದಿದ್ದರೆ ಹೊಟ್ಟೆ ತೆರೆಯುವುದೇ ಎಂದು ತೀರ್ಮಾನಿಸಿದೆ. ಇಪ್ಪತ್ತು ನಿಮಿಷ ಕಾದೆವು.

ಎಂಡೋಸ್ಕೋಪಿ ವೈದ್ಯರು ಬಂದು ಕೊಳವೆ ಹಾಯಿಸಿ ಗಡ್ಡೆ ಸಿಕ್ಕಿತೆಂದಾಗ ನಮ್ಮ ಕ್ಯಾಮೆರಾದ ಬೆಳಕು ತಗ್ಗಿಸಿದೆವು. ಕಪ್ಪಾದ ಪರದೆಯಲ್ಲಿ, ಕೊಳವೆಯ ತುದಿಯ ದೀಪಕ್ಕೆ, ಕರುಳು ಒಂದು ಕಡೆ ಒಳಗಿನಿಂದ ಕೆಂಪಗೆ ಬೆಳಗಿತು. ನಾನು ಸ್ಟೇಪ್ಲರ್ ಕಚ್ಚಿಸಿದ್ದ ಜಾಗಕ್ಕಿಂತ ಅದು ಒಂದು ಗೇಣು ಮೇಲಿತ್ತು.

ಆ ಭಾಗವನ್ನು, ಕ್ಯಾನ್ಸರ್ ಹರಡಬಹುದಾದ ದುಗ್ಧಗ್ರಂಥಿಗಳ ಸಮೇತ, ಬಿಡಿಸಿ, ಹೊಕ್ಕುಳ ಬಳಿ ನಾಲ್ಕು ಬೆರಳಗಲದ ಗಾಯದಿಂದ ಹೊರತಂದೆವು. ತುಂಡನ್ನು ಸೀಳಿ ಗಡ್ಡೆಯನ್ನು ಕಣ್ಣಾರೆ ಕಂಡ ಮೇಲೆಯೇ ನನಗೆ ಉಸಿರು ಸರಾಗವಾಯಿತು.

ಐದನೇ ದಿನ ಶೆಟ್ಟರಿಗೆ ನನ್ನ ತಪ್ಪನ್ನು ಮುಚ್ಚಿಡದೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಬೈಯದೆ ಹೇಳಿದರು:

“ನೂಲು ಮಗ್ಗಕ್ಕೇರ್ಸೋ ಮುಂಚೇನೇ ಸೀರೆ ಎಲ್ಲಿಗೆ ಮುಗೀತದೆ ಅಂತ ಗುರುತು ಆಕೋತೀವಿ ಸಾ. ಗುರುತಿಲ್ದೆ ಕತ್ರಿ ಆಕುದ್ರೆ ಆ ಸೀರೇನೂ ಅದ್ರ ಮುಂದಿನ್ ಸೀರೇನೂ ಎರಡೂ ಕೆಟ್ಟೋಯ್ತವೆ. ನಮ್ಮ ಒಟ್ಟೇಗೆ ಅಷ್ಟೂ ಮಾಡ್ನಿಲ್ವಾ ನೀವು?”

ಅಂದಿನಿಂದ ಇಂಕಿನ ಗುರುತಿನ ಫೋಟೊ ಕೈಗೆ ಬರುವವರೆಗೆ ಇಂಥ ಕೇಸಿಗೆ ದಿನ ಕೊಡಲಿಲ್ಲ. ಸಣ್ಣ ತೂತಿನ ಮಾತನ್ನೂ ಯಾರಿಗೂ ಕೊಡಲಿಲ್ಲ. ಗಡ್ಡೆ ಪೂರ್ತಿ ತೆಗೆಯುತ್ತೇನೆ, ಅದಕ್ಕೆ ಬೇಕಾದಷ್ಟು ಕೊಯ್ಯುತ್ತೇನೆ ಎನ್ನುತ್ತಿದ್ದೆ.

ಮೂರು ತಿಂಗಳಿಗೆ ಶೆಟ್ಟರು ಗುಂಡಿಗೆ ಇಳಿದರು. ನೋಡಲು ಹೋದಾಗ ಕೈ ಹಿಡಿದು ನನ್ನನ್ನು ಬಗ್ಗಿಸಿ, ನೂಲಿನ ಮೇಲಿದ್ದ ಗುರುತನ್ನು ತೋರಿಸಿದರು.