ಮಲ್ಲಿಗೆಗೆ ಹೊದಿಸಿದ ಸನ್ಮಾನದ ಶಾಲು

ಅಮೆರಿಕದ ಶ್ಯಾಂಟಿಲಿಯಲ್ಲಿ ನೆಲೆಸಿದ ಕರುಣಾಕರರನ್ನು ಹಿತ್ತಿಲ ಯುದ್ಧದಲ್ಲಿ ಸೋಲಿಸಿದ ಶತ್ರುಗಳು ಎರಡೇ: ಅಳಿಲು ಮತ್ತು ಜಿಂಕೆ. ಮೂರನೆಯ ಶತ್ರುವಾದ ಚಳಿಯನ್ನು ತಾವು ಗೆದ್ದಾಗಿದೆ ಎಂದೇ ಅವರು ತಿಳಿದಿದ್ದರು. ವಾರವೆಲ್ಲ ಕಂಪ್ಯೂಟರ್ ಮುಂದೆ ಯಾರದ್ದೋ ಡೇಟಾಬೇಸ್ ಕಾಯುವ ಈ ಉಡುಪಿ ಕಡೆಯ ಮನುಷ್ಯ, ಶನಿವಾರ ಲುಂಗಿ ಎತ್ತಿ ಕಟ್ಟಿ, ತಲೆಗೆ ಬೈರಾಸು ಸುತ್ತಿ, ಗುದ್ದಲಿ ಹಿಡಿದು ನಿಂತರೆಂದರೆ ದಂಡಯಾತ್ರೆಗೆ ಹೊರಟ ಪಾಳೆಯಗಾರನ ಕಳೆ.

ಆ ವರ್ಷ ಮಾರ್ಚ್‌ನಲ್ಲಿ ಕನ್ನಡ ಸಂಘದವರು ಅವರಿಂದ ತೋಟಗಾರಿಕೆಯ ಭಾಷಣ ಮಾಡಿಸಿ, ಜರಿಯಂಚಿನ ಶಾಲು ಹೊದಿಸಿದರು. ಅಂದಿನಿಂದ ಅವರ ನಡಿಗೆಯೇ ಬದಲಾಯಿತು. ಮನೆಯಲ್ಲಿ ಶಾಲನ್ನು ಮುಟ್ಟುವ ಹಕ್ಕು ಅವರೊಬ್ಬರಿಗೇ.

ಅದೇ ಹೊತ್ತಿಗೆ ಮನೆಯೊಳಗೆ ದೀಪದ ಬೆಳಕಿನಲ್ಲಿ, ಕುಂಡದಲ್ಲಿ, ಹೆಂಡತಿ ಪ್ರೇಮಾವತಿ ಮಗುವಿನಂತೆ ಸಾಕಿದ ಉಡುಪಿ ಮಲ್ಲಿಗೆ ಚಿಗುರುತ್ತಿತ್ತು. ಮೇ ಕೊನೆಗೆ ಸೊಸೆ ಶ್ರಾವಣಿಯ ಸೀಮಂತ. ಅವಳ ಜಡೆಗೆ ಮನೆಯ ಮಲ್ಲಿಗೆಯನ್ನೇ ಮುಡಿಸುತ್ತೇನೆಂದು ಪ್ರೇಮಾವತಿ ಮೈಸೂರಿನ ಬೀಗರಿಗೆ ಫೋನಿನಲ್ಲಿ ಮಾತು ಕೊಟ್ಟಾಗಿತ್ತು.

ನೆಲದಲ್ಲಿ ನೆಟ್ಟರೆ ಹೂವು ಹೆಚ್ಚು ಬಿಡುತ್ತದೆಂದು ಕರುಣಾಕರರ ವಾದ. ಶ್ಯಾಂಟಿಲಿಯ ಕಡೆ ಕೊನೆಯ ಫ್ರಾಸ್ಟ್, ಅಂದರೆ ಇಬ್ಬನಿ ಎಲೆಯ ಮೇಲೇ ಗಾಜಾಗುವ ಚಳಿ, ಏಪ್ರಿಲ್ ಕೊನೆಯ ವಾರಕ್ಕೆ ಮುಗಿಯುತ್ತದೆಂದು ಲೆಕ್ಕ. ಆ ತಾರೀಖನ್ನು ಅವರು ಮದುವೆಯ ಮುಹೂರ್ತದಂತೆ ಕಾದರು. ಪಂಚಾಂಗ ನೋಡಿ ರಾಹುಕಾಲ ತಪ್ಪಿಸಿದರು, ತೆಂಗಿನಕಾಯಿ ಒಡೆದರು, ಕುಂಡದಿಂದ ಗಿಡ ಬಿಡಿಸಿ ಮಣ್ಣಿಗೆ ಇಳಿಸಿದರು.

“ನಾನಿನ್ನೂ ಸ್ವೆಟರ್ ತೆಗೀಲಿಲ್ಲ. ಎಂತ ಅವಸರ ಮಾರಾಯ್ರೆ?” ಎಂದರು ಪ್ರೇಮಾವತಿ.

“ಡೇಟ್ ಮುಗೀತಲ್ಲ. ಇನ್ನು ಬರ್ಲಿಕ್ಕೆ ಫ್ರಾಸ್ಟಿಗೆ ಪರ್ಮಿಷನ್ ಇಲ್ಲ.”

ಆ ತಾರೀಖು ಹಲವು ವರ್ಷಗಳ ಸರಾಸರಿ ಮಾತ್ರ, ಎಷ್ಟೋ ವರ್ಷ ಚಳಿ ಅದರ ಆಚೆಗೂ ಬಂದು ಹೋಗುತ್ತದೆ, ಎಲ್ಲಿ ಯಾವ ಗಿಡ ಬದುಕೀತೆಂದು ತೋರಿಸುವ ವಲಯದ ನಕ್ಷೆ ಮಾಗಿಯ ಕಡುಚಳಿಯನ್ನು ಹೇಳುತ್ತದೆಯೇ ಹೊರತು ವಸಂತದ ಫ್ರಾಸ್ಟನ್ನಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಸಂಘದ ಭಾಷಣದಲ್ಲಿ ಇದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದರು. ಆ ಮಾತು ತಮ್ಮ ಹಿತ್ತಿಲಿಗೂ ಸಲ್ಲುತ್ತದೆಂದು ಮಾತ್ರ ಹೊಳೆಯಲಿಲ್ಲ. ಕಾಯಿ ಒಡೆದಾಗಿತ್ತಲ್ಲ!

ಮೇ ಮೊದಲ ವಾರದ ಒಂದು ಸಂಜೆ ಫೋನು ಬಡಿದುಕೊಂಡಿತು: ಫ್ರಾಸ್ಟ್ ಎಚ್ಚರಿಕೆ. ಈಗಷ್ಟೇ ಬೇರು ಬಿಡುತ್ತಿದ್ದ ಗಿಡವನ್ನು ಮತ್ತೆ ಕಿತ್ತರೆ ಉಳಿಯುವುದು ಅನುಮಾನ. ಸೇನಾಧಿಪತಿ ಮನೆಯೊಳಗೆ ನುಗ್ಗಿ ಕೈಗೆ ಸಿಕ್ಕಿದ್ದನ್ನೆಲ್ಲ ತಂದರು. ನಾಲ್ಕು ಕೋಲು ನೆಟ್ಟು, ಬೆಡ್‌ಶೀಟು ಹೊದಿಸಿ, ಲುಂಗಿ ಸುತ್ತಿ, ಬೈರಾಸು ಬಿಗಿದರು. ಆದರೂ ಮೊಗ್ಗು ಹಿಡಿದಿದ್ದ ನೆತ್ತಿಯೇ ಬಯಲಾಗಿ ಉಳಿಯಿತು. ಪ್ರೇಮಾವತಿ ಒಳಗೆ ಹೋಗಿ ಜರಿಯಂಚಿನ ಶಾಲು ತಂದು ಮುಂದೆ ಹಿಡಿದರು.

“ಅದು ಸನ್ಮಾನದ್ದು,” ಎಂದರು ಕರುಣಾಕರರು, ಸಣ್ಣ ದನಿಯಲ್ಲಿ.

“ಹೌದಲ್ಲ. ಮಾಡಿ ಸನ್ಮಾನ.”

ಸಂಘದ ಅಧ್ಯಕ್ಷರೂ ಅಷ್ಟು ಭಕ್ತಿಯಿಂದ ಯಾರಿಗೂ ಹೊದಿಸಿರಲಿಕ್ಕಿಲ್ಲ.

ಬೆಳಗಾಗುವಾಗ ಹುಲ್ಲೆಲ್ಲ ಬಿಳಿ. ಗಾಳಿಗೆ ಲುಂಗಿ ಜಾರಿದ ಬದಿಯ ಎಲೆಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತಿದ್ದವು. ಶಾಲು ಎತ್ತಿದರೆ ಮೊಗ್ಗುಗಳು ತಮಗೇನೂ ಆಗಿಲ್ಲವೆಂಬಂತೆ ತಲೆಯೆತ್ತಿ ಕೂತಿದ್ದವು.

ಸೀಮಂತಕ್ಕೆ ಸಿಕ್ಕಿದ್ದು ಗೇಣುದ್ದದ ಮಾಲೆಯಷ್ಟೇ ಹೂವು. ಪ್ರೇಮಾವತಿ ಅದನ್ನು ಶ್ರಾವಣಿಯ ಜಡೆಯ ಬುಡಕ್ಕೆ ಸಿಕ್ಕಿಸಿ, ಉಳಿದ ಜಡೆಯನ್ನು ಇಂಡಿಯನ್ ಸ್ಟೋರಿನ ಹೂವಿಗೆ ಬಿಟ್ಟರು. ಮೈಸೂರಿನ ಬೀಗರು ವಿಡಿಯೊದಲ್ಲಿ ನೋಡಿದ್ದು ಬುಡವನ್ನೇ. ಕೊಟ್ಟ ಮಾತು ಉಳಿಯಿತು.

ಊಟದ ಹೊತ್ತಿಗೆ ಪಕ್ಕದ ಬೀದಿಯ ಗೋಪಿನಾಥ ಬಂದು, ಮಲ್ಲಿಗೆಯನ್ನು ಯಾವ ತಾರೀಖಿಗೆ ಹೊರಗೆ ಇಡಬೇಕು ಅಂಕಲ್ ಎಂದು ಕೇಳಿದ. ಅಂಚಿನಲ್ಲಿ ಇನ್ನೂ ಮಣ್ಣಿನ ಕಲೆಯಿದ್ದ ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡು ಕರುಣಾಕರರು ತಾರೀಖು ಹೇಳಲು ಬಾಯಿ ತೆರೆದರು. ಪಾಯಸ ಬಡಿಸುತ್ತಿದ್ದ ಹೆಂಡತಿ ಅಲ್ಲೇ ನಿಂತರು.

“ತಾರೀಖಲ್ಲ ಮಾರಾಯ,” ಎಂದರು ಕರುಣಾಕರರು. “ಈ ಆಂಟಿ ಸ್ವೆಟರ್ ತೆಗೆದ ಮೇಲೆ.”