ಮೇವಿನ ಗೂಡು, ಮೀನಿನ ತಲೆ

೧೯೫೮ರ ಫೆಬ್ರವರಿ ೯, ಭಾನುವಾರ, ಬೆಳಿಗ್ಗೆ ಆರೂವರೆ. ಆ ದಿನ ದಿನಚರಿಯಲ್ಲಿ ನಾನು ಬರೆದದ್ದು ಇಷ್ಟೇ: ‘ಭಾವ ಹೊಳೆಗೆ ಬಂದರು. ಕರೆದಿರಲಿಲ್ಲ.’

ಹೊಳೆ ಎಂದರೆ ಹೇಮಾವತಿ. ನಮ್ಮ ಮನೆ ಹೊಳೆನರಸೀಪುರದಲ್ಲಿ, ನೀರಿಗೆ ಕೂಗಳತೆ ದೂರ. ನನಗೆ ಆಗ ಹತ್ತೊಂಬತ್ತು ವರ್ಷ, ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸ. ಭಾನುವಾರ ರಜೆ. ರಜೆಯ ದಿನ ಬೆಳಗಾಗುವ ಮೊದಲೇ ಗಾಳದ ಕೋಲು ಹಿಡಿದು ಹೊಳೆಗೆ ಹೋಗುತ್ತಿದ್ದೆ. ಒಂದು ಹೊಂಗೆ ಮರ ನೀರಿನ ಮೇಲೆ ಬಾಗಿ ನಿಂತ ಕಡೆ ಒಂದು ಮಡು ಇದೆ. ಬೇಸಿಗೆಯಲ್ಲಿ ಹೊಳೆ ಬತ್ತಿ ಮರಳು ಕಂಡಾಗಲೂ ಅಲ್ಲಿ ಎದೆಮಟ್ಟ ನೀರು ನಿಂತಿರುತ್ತದೆ. ತಾತ ಕೂರುತ್ತಿದ್ದ ಜಾಗ ಅದು. ತಾತ ಹೋದಮೇಲೆ ನಾನು ಕೂತೆ. ಅಪ್ಪನಿಗೆ ನೀರೆಂದರೆ ಭಯ, ಹೊಲದ ಬದುವಿನಿಂದ ಈಚೆಗೇ ಅವರ ಓಡಾಟ.

ಆ ಜಾಗದ ಜೊತೆಗೆ ನನಗೆ ಇನ್ನೊಂದು ಬಂದಿತ್ತು. ಯುಗಾದಿಯ ಮಾರನೆಯ ದಿನ ನಮ್ಮ ಕಡೆ ವರ್ಷದ ತೊಡಕು. ಹಬ್ಬದ ದಿನ ಒಬ್ಬಟ್ಟು, ತೊಡಕಿನ ದಿನ ಬಾಡೂಟ. ಆ ದಿನ ಕೈಗೆ ಏನು ಸಿಗುತ್ತದೋ ವರ್ಷವೆಲ್ಲ ಅದೇ ಸಿಗುತ್ತದೆ ಎಂದು ಹಿರಿಯರ ನಂಬಿಕೆ. ಬೇರೆ ಮನೆಗಳಲ್ಲಿ ಮರಿ ಕಡಿದರೆ ನಮ್ಮ ಮನೆಯಲ್ಲಿ ಹೊಳೆ ಮೀನು. ಮೀನು ತಂದವನ ತಟ್ಟೆಗೆ ಅಜ್ಜಿ ತನ್ನ ಕೈಯಾರೆ ಮೀನಿನ ತಲೆ ಬಡಿಸುತ್ತಾಳೆ. ಅಪ್ಪನಿಗೂ ಅದು ಸಿಗುವುದಿಲ್ಲ. ಏಳು ತೊಡಕು ಆ ತಲೆ ನನ್ನದಾಗಿತ್ತು. ಮನೆಯಲ್ಲಿ ನನ್ನ ಹೆಸರಿಗೆ ಇದ್ದದ್ದು ಅದೊಂದೇ.

ಭಾವ ಅಕ್ಕನ ಗಂಡ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆಯವರು. ಹುಡುಗರಾಗಿದ್ದಾಗಲೇ ಘಟ್ಟ ಇಳಿದು ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದು, ಮದುವೆಗೆಂದು ಹಿಂದೆ ಬಂದವರು. ಚನ್ನರಾಯಪಟ್ಟಣದಲ್ಲಿ ಬಸ್ಸಿನ ಕೆಲಸ ಸಿಗುವವರೆಗೆ ನಮ್ಮ ಮನೆಯಲ್ಲೇ ಇದ್ದರು. ಬಂದ ವಾರದೊಳಗೆ ಅಪ್ಪನಿಗೆ ಅವರ ಮಾತೇ ಮಾತು, ಅಜ್ಜಿಗೆ ಅವರು ನಕ್ಕರೆ ನಗು. ಹೊಳೆಯೊಂದು ಉಳಿದಿತ್ತು.

ಆ ಭಾನುವಾರ ಅವರು ಕೈಯಲ್ಲೊಂದು ವಸ್ತು ಹಿಡಿದು ಬಂದರು. ತಂತಿಯ ಬಲೆಯಲ್ಲಿ ಹೆಣೆದ, ಚೊಂಬಿನಷ್ಟು ದೊಡ್ಡ ಗೂಡು. ಮೇಲೊಂದು ಮುಚ್ಚಳ, ತಳದಲ್ಲಿ ಸೀಸದ ಗುಂಡು, ಉದ್ದ ಹಗ್ಗ. ಒಳಗೆ ಒಣಗಿದ ಬೂತಾಯಿ ಮೀನು ಜಜ್ಜಿ ತುಂಬಿದ್ದರು. ನಾತಕ್ಕೆ ನಾನು ಮೂಗು ಮುಚ್ಚಿಕೊಂಡೆ.

“ಏನು ಬಾವ ಅದು, ಇಲಿ ಬೋನಾ?”

“ಇಲಿ ಇಡಿಯೋಕೆ ಒಳೆಗೆ ಯಾಕ್ಲಾ ಬರ್ಲಿ? ಮೇವಿನ ಗೂಡು ಕಣ್ಲಾ. ಕಡಲಾಗೆ ಮೀನ ಉಡುಕ್ಕಂಡು ನಾವು ಓಗಾಕಾಯ್ತದಾ? ಬಂಡೆ ಮ್ಯಾಲೆ ಕುಂತ್ಕಂಡು ಇದ ನೀರಿಗೆ ಬುಟ್ಟರೆ, ಎಣ್ಣೆ ಜಿಡ್ಡು ನೀರಾಗೆ ಎಳೆ ಎಳೆಯಾಗಿ ಓಯ್ತದೆ. ಆ ಎಳೆ ಇಡ್ಕಂಡು ಮೀನೇ ನಮ್ಮ ಕಾಲ್ಬುಡಕ್ಕೆ ಬತ್ತವೆ. ಪಕ್ಕದಾಗೆ ಗಾಳ ಇಟ್ಟಿರ್ಬೇಕು, ಅಷ್ಟೇಯ.”

ನನ್ನ ಮಡುವಿನಿಂದ ಹತ್ತು ಮಾರು ಕೆಳಗೆ ಕೂತು ಅವರು ಗೂಡು ಇಳಿಬಿಟ್ಟರು. ನಾನು ನನ್ನ ಗಾಳ ನೋಡುವುದು ಬಿಟ್ಟು ಅವರ ಹಗ್ಗ ನೋಡುತ್ತಿದ್ದೆ. ಗಂಟೆ ಕಳೆದು ಮೇಲೆತ್ತಿದಾಗ ಗೂಡಿನ ಸುತ್ತ ಏಡಿಗಳು ಕಚ್ಚಿಕೊಂಡಿದ್ದವು. ಮೀನು ಒಂದೂ ಇಲ್ಲ. ನನಗೆ ಆದ ಸಂತೋಷ ಹೇಳತೀರದು.

“ಬಾವ, ಕಡಲಿಂದ ನೆಂಟ್ರು ಬಂದವ್ರೆ ಅಂತ ಏಡಿಗೆಲ್ಲ ಗೊತ್ತಾಗ್ಬುಟ್ಟೈತೆ!”

“ನಗು ನಗು. ಬೀಗರ ಮನೆಗೆ ಓದಾಗ ಮೊದ್ಲು ಬಾಗ್ಲಿಗೆ ಬರೋರು ಚಿಕ್ಕ ಮಕ್ಳೇಯ. ದೊಡ್ಡೋರು ಆಮ್ಯಾಕೆ ಬತ್ತಾರೆ.”

ಆ ಏಡಿಗಳನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಹೋದರು. ಅಜ್ಜಿ ಸಾರು ಮಾಡಿ, ಏಡಿಯ ಕಾಲು ಚೀಪುತ್ತಾ, “ನಿಮ್ಮ ತಾತ ಇದ್ದಾಗ ತಿಂದಿದ್ದು ಕಣಪ್ಪಾ, ಇಂಥಾ ಸಾರ” ಎಂದಳು. ಆ ಹೊಂಗೆ ಮರದ ಬುಡದಲ್ಲಿ ಏಡಿ ನನ್ನ ಕಾಲಿಗೇ ಎಷ್ಟೋ ಸಲ ಕಚ್ಚಿದೆ. ತರಬೇಕೆಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಆ ರಾತ್ರಿ ಏಡಿ ಸಾರಿನ ಮಾತನ್ನು ದಿನಚರಿಗೆ ಬರೆಯಲಿಲ್ಲ.

ಮುಂದಿನ ವಾರ ಭಾವ ಬೂತಾಯಿಯನ್ನು ಕೈಬಿಟ್ಟರು. ಹೊಳೆಯ ಗೆಂಡೆ ಮೀನು ಕಡಲ ಮೀನಿನಂತೆ ಮೀನು ತಿನ್ನುವುದಲ್ಲ, ಅದಕ್ಕೆ ನಮ್ಮ ದನದ ರುಚಿ ಎಂದು ಅವರಿಗೆ ಅರ್ಥವಾಗಿತ್ತು. ಕಡಲೆಕಾಯಿ ಹಿಂಡಿ ನೆನೆಸಿ, ಬೆಲ್ಲ ಕಲಸಿ, ತೌಡು ಬೆರೆಸಿ ಗೂಡಿಗೆ ಒತ್ತಿದರು. ತೌಡು ಎಲ್ಲಿಂದ ಬಂತು ಗೊತ್ತೆ? ನಮ್ಮ ಗಿರಣಿಯಿಂದ. ತಂದುಕೊಟ್ಟವನು ನಾನೇ. ಅಕ್ಕ ಕೇಳಿದಳು, ದನಕ್ಕೆ ಇರಬೇಕೆಂದು ತಂದೆ.

ಆ ದಿನ ಅವರಿಗೆ ಮೂರು ಗೆಂಡೆ, ನನಗೆ ಒಂದು. ಅದರ ಮುಂದಿನ ವಾರ ಅವರಿಗೆ ಐದು, ನನಗೆ ಸೊನ್ನೆ. ಬಟ್ಟೆ ಒಗೆಯಲು ಬಂದ ಹೆಂಗಸರು ಬಂಡೆಯ ಮೇಲಿಂದ, “ಮಂಗ್ಳೂರಣ್ಣ, ಇವತ್ತೇನು ಬಿತ್ತು?” ಎಂದು ಕೂಗುತ್ತಿದ್ದರು. ಮಲ್ಲಿಪಟ್ಟಣದಲ್ಲಿ ಹುಟ್ಟಿದವರು ಮಂಗಳೂರಣ್ಣನಾದರು. ಏಳು ವರ್ಷ ಅದೇ ದಡದಲ್ಲಿ ಕೂತ ನನ್ನನ್ನು ಅವರು ಯಾವತ್ತೂ ಕೇಳಿದ್ದಿಲ್ಲ. ಮೀನು ಹೆಚ್ಚು ಹಿಡಿದರು ಎಂಬುದಕ್ಕಿಂತ ನನಗೆ ಉರಿದದ್ದು ಇದಕ್ಕೆ. ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಬೇರೆ ಕಡ್ಡಿ ಗೀರಿದರು.

“ಈ ಸಲ ತೊಡಕಿನ ತಲೆ ಅಳಿಯಂದ್ರ ತಟ್ಟೆಗೇಯ ಅನ್ನು.”

“ನೋಡಾನ ಬುಡಿ ಮಾವ” ಎಂದ ಭಾವ ನನ್ನ ಕಡೆ ತಿರುಗಿ, “ಬಾಮೈದ ಬುಡ್ತಾನಾ? ಏನ್ಲಾ?” ಎಂದು ಕಣ್ಣು ಮಿಟುಕಿಸಿದರು.

ನಾನು ಮುದ್ದೆ ನುಂಗಿದೆ. ಯುಗಾದಿಗೆ ಎರಡು ವಾರ ಉಳಿದಿತ್ತು.

ಅವರ ಗೂಡನ್ನು ನಾನು ಚೆನ್ನಾಗಿ ನೋಡಿಕೊಂಡಿದ್ದೆ. ತಂತಿ ಬಲೆ ನನ್ನಲ್ಲಿರಲಿಲ್ಲ, ತೆಂಗಿನ ಚಿಪ್ಪಿತ್ತು. ಎರಡು ಹೋಳು ತೆಗೆದುಕೊಂಡು, ಕಾದ ಕಬ್ಬಿಣದ ಕಡ್ಡಿಯಿಂದ ಸುತ್ತ ತೂತು ಸುಟ್ಟು, ಒಳಗೆ ಹಿಂಡಿ ತೌಡಿನ ಉಂಡೆ ಮತ್ತು ಒಂದು ಕಲ್ಲು ಇಟ್ಟು, ಬಾಯಿಗೆ ಬಾಯಿ ಸೇರಿಸಿ ತಂತಿಯಲ್ಲಿ ಬಿಗಿದೆ. ಅವರ ಗೂಡಿನಿಂದ ಮೇವು ಬೇಗ ಕರಗಿ ಹೋಗುತ್ತಿತ್ತು. ನನ್ನ ಚಿಪ್ಪಿನಿಂದ ನಿಧಾನವಾಗಿ ಒಸರುತ್ತಿತ್ತು. ಒಂದು ಸಲ ತುಂಬಿದರೆ ಇಡೀ ದಿನಕ್ಕೆ ಬರುತ್ತಿತ್ತು. ಈ ಮಾತನ್ನು ಭಾವ ಆಮೇಲೆ ತಾವೇ ಒಪ್ಪಿಕೊಂಡಿದ್ದಾರೆ.

ಚಿಪ್ಪನ್ನು ನನ್ನ ಮಡುವಿನಲ್ಲಿ ಮುಳುಗಿಸಿ, ಹಗ್ಗವನ್ನು ನೀರಿನೊಳಗೇ ಹೊಂಗೆಯ ಬೇರಿಗೆ ಕಟ್ಟಿದೆ, ದಡದಿಂದ ಕಾಣದ ಹಾಗೆ. ಹಬ್ಬದ ಹಿಂದಿನ ಇಡೀ ವಾರ, ಗಿರಣಿಗೆ ಹೋಗುವ ಮೊದಲು ದಿನವೂ ಮೇವು ತುಂಬಿದೆ. ಗಾಳ ಮಾತ್ರ ಹಾಕಲಿಲ್ಲ. ಮೀನಿಗೆ ಆ ಜಾಗ ತವರುಮನೆ ಅನ್ನಿಸಬೇಕು, ಹೆದರಿಕೆ ಇರಬಾರದು ಎಂಬುದು ನನ್ನ ಲೆಕ್ಕ. ನಾಲ್ಕನೆಯ ದಿನಕ್ಕೆ ಚಿಪ್ಪಿನ ಸುತ್ತ ನೀರು ಕದಡುವುದು ಕಂಡಿತು. ಆರನೆಯ ದಿನ ಒಂದು ದೊಡ್ಡ ಬೆನ್ನು ಮೇಲೆ ಬಂದು ಹೊರಳಿತು. ಕೈ ಕಟ್ಟಿಕೊಂಡು ನಿಂತೆ.

ಯುಗಾದಿ ಶುಕ್ರವಾರ ಬಂತು. ಎಣ್ಣೆ ನೀರು, ಬೇವು ಬೆಲ್ಲ ಎಲ್ಲ ಆದಮೇಲೆ ನಮ್ಮ ಮನೆಯಲ್ಲಿ ಪಂಚಾಂಗ ಓದುವವನು ನಾನೇ. ಮಳೆ ಎಷ್ಟು ಕೊಳಗ, ಯಾವ ಧಾನ್ಯಕ್ಕೆ ಬೆಲೆ, ಯಾವ ರಾಶಿಗೆ ಆದಾಯವೆಷ್ಟು ವ್ಯಯವೆಷ್ಟು, ಎಲ್ಲವನ್ನೂ ಗಟ್ಟಿಯಾಗಿ ಓದಿದೆ. ಓದುತ್ತಿರುವಾಗಲೂ ಮನಸ್ಸು ಮಡುವಿನಲ್ಲಿತ್ತು.

ಶನಿವಾರ ಬೆಳಕು ಹರಿಯುವ ಮೊದಲೇ ಗಾಳ ಹಾಕಿದೆ. ಬೆಂಡು ಎರಡು ಸಲ ಮಿಸುಕಿ ಸರ್ರನೆ ಮುಳುಗಿತು. ಎಳೆದಾಡಿ ದಡಕ್ಕೆ ತಂದರೆ, ನನ್ನ ಮೊಣಕೈಯಿಂದ ಬೆರಳ ತುದಿಯನ್ನೂ ಮೀರಿದ ಗೆಂಡೆ. ಅಷ್ಟು ದೊಡ್ಡದನ್ನು ನಾನು ಮೊದಲು ಹಿಡಿದಿರಲಿಲ್ಲ. ಬಿಂದಿಗೆಯಲ್ಲಿ ಬಾಲ ಹೊರಗೆ ಬಿಟ್ಟುಕೊಂಡು, ಬೇಕೆಂದೇ ದೊಡ್ಡ ಬೀದಿಯಿಂದ ಸುತ್ತು ಹಾಕಿ ಮನೆಗೆ ಬಂದೆ. ಅಜ್ಜಿ ಹೊಸ್ತಿಲ ಮೇಲೆ ಅಡ್ಡ ನಿಂತಳು.

“ಎಲ್ಲಿಗ್ಲಾ ತತ್ತಿದ್ದೀಯ ಅದ?”

“ತೊಡಕಿಗೆ ಕಣಜ್ಜಿ. ನೋಡು ಎಷ್ಟು ದೊಡ್ಡದೈತೆ!”

“ಇವತ್ತು ಶನಿವಾರ ಕಣ್ಲಾ, ತಿಮ್ಮಪ್ಪನ ವಾರ! ಶನಿವಾರ ನನ್ನ ಒಲೆ ಮ್ಯಾಲೆ ಮೀನು ಇಕ್ಕೀನಾ? ತೊಡಕು ನಾಳೀಕೆ ಐತೆ. ತಗಂಡೋಗು ಅತ್ಲಾಗೆ, ಒಸ್ಲು ದಾಟ್ಬ್ಯಾಡ.”

ಒಳಗಿಂದ ಅಪ್ಪ ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ನೆನ್ನೆ ಪಂಚಾಂಗ ಓದ್ದೋನು ನೀನೇ ಅಲ್ವೇನ್ಲಾ?”

ಹೌದು. ತಾರೀಖು ತಪ್ಪದೆ ಬರೆಯುವ ನಾನು ವಾರ ನೋಡಿರಲಿಲ್ಲ. ಮನೆದೇವರು ತಿಮ್ಮಪ್ಪ, ಶನಿವಾರ ನಾವು ಮೊಟ್ಟೆಯನ್ನೂ ಮುಟ್ಟುವವರಲ್ಲ. ಹಿಂದಿನ ಏಳು ತೊಡಕಿನಲ್ಲಿ ಶನಿವಾರ ಬಿದ್ದಿದ್ದರೆ ಅಜ್ಜಿಯೇ ಮೊದಲು ಹೇಳಿರುತ್ತಿದ್ದಳು. ಈ ಸಲ ನಾನು ಯಾರಿಗೂ ಹೇಳದೆ ಹೋಗಿದ್ದೆ. ಜಗಲಿಯ ಮೇಲೆ ಕೂತಿದ್ದ ಭಾವ ಬಿಂದಿಗೆಯೊಳಗೆ ಬಗ್ಗಿ ನೋಡಿ ಸಿಳ್ಳೆ ಹಾಕಿದರು.

“ಅಬ್ಬಾ! ಎಲ್ಲಿ ಇಡಿದ್ಯೋ ಇದ?”

“ನನ್ನ ಮಡೂನಾಗೆ.”

“ಬರೀ ಎರೆಹುಳಕ್ಕೆ ಇಷ್ಟು ದೊಡ್ಡದು ಬತ್ತದಾ?” ಎಂದು ನನ್ನ ಕೈ ಹಿಡಿದು ಮೂಸಿದರು. ಹಿಂಡಿಯ ವಾಸನೆ. ನಕ್ಕುಬಿಟ್ಟರು. “ಉಸಾರಾಗ್ಬುಟ್ಟೆ ಬುಡ್ಲಾ ನೀನೂವೆ!”

ಮೀನಿಗೆ ಇನ್ನೂ ಜೀವವಿತ್ತು. ನಾಳೆಯವರೆಗೆ ಉಳಿಸಬೇಕೆಂದು ಹೊಳೆಗೆ ವಾಪಸ್ಸು ಓಡಿ, ದವಡೆಗೆ ಸೆಣಬಿನ ದಾರ ಪೋಣಿಸಿ, ಮಡುವಿನ ಮೇಲ್ಗಡೆ ಬಂಡೆಯ ಸಂದಿನ ನೀರಿನಲ್ಲಿ ಕಟ್ಟಿದೆ. ಅದು ಬಾಲ ಬಡಿಯುತ್ತಾ ನಿಂತಿತು. ಸಂಜೆ ಹೋಗಿ ನೋಡಿದೆ, ಚೆನ್ನಾಗಿಯೇ ಇತ್ತು.

ಭಾನುವಾರ ಬೆಳಗ್ಗೆ ಹೋದರೆ ದಾರದ ತುದಿಯಲ್ಲಿ ಮೀನಿರಲಿಲ್ಲ. ಬಂಡೆಯ ಮೇಲೆ ಅರ್ಧ ಮೈ ಬಿದ್ದಿತ್ತು. ಒದ್ದೆ ಮರಳಿನಲ್ಲಿ ನೀರುನಾಯಿಯ ಹೆಜ್ಜೆ. ತಲೆಯ ಕಡೆಯಿಂದಲೇ ತಿಂದಿತ್ತು.

ಅಲ್ಲೇ ನಿಂತು ಕೆಳಗೆ ನೋಡಿದೆ. ಹೊಂಗೆ ಮರದ ಬುಡದಲ್ಲಿ, ನನ್ನ ಜಾಗದಲ್ಲಿ, ಭಾವ ಕೂತಿದ್ದರು. ಅವರ ಕೋಲು ಬಿಲ್ಲಿನಂತೆ ಬಾಗಿತ್ತು. ನಾನು ಇಳಿದು ಹೋಗುವುದರೊಳಗೆ ಅವರು ಮೀನನ್ನು ಮರಳಿಗೆ ಎಳೆದು ಹಾಕಿದ್ದರು. ನನ್ನದಕ್ಕಿಂತ ದೊಡ್ಡದೆಂದು ಮನೆಯಲ್ಲಿ ಹೇಳುತ್ತಾರೆ. ನಾನು ಒಪ್ಪಿಲ್ಲ.

“ಬಾವ, ಇದು ನನ್ನ ಮಡು. ಮೇವು ನಂದು. ವಾರದಿಂದ ಇಕ್ಕಿದ್ದೀನಿ.”

“ಮೇವು ನಿಂದೇ ಕಣ್ಲಾ, ನಾ ಇಲ್ಲ ಅಂದ್ನಾ? ನಿನ್ನ ಮೀನು ಓದ್ದು ನೋಡ್ದೆ, ಮನೇಲಿ ತೊಡಕು ನಿಂತೋಯ್ತದಲ್ಲ ಅಂತ ಗಾಳ ಆಕ್ದೆ. ನೀ ಮಲಗಿದ್ದೆ.”

“ಎಬ್ಬಿಸ್ಬೇಕಾಗಿತ್ತು.”

“ಎಬ್ಬಿಸೋಕೆ ಓಗಿದ್ರೆ ಇದು ಕಾಯ್ಕಂಡು ಕುಂತಿರ್ತಿತ್ತಾ?” ಎಂದು ಮೀನಿನ ಕಿವಿರಿಗೆ ಬೆರಳು ಹಾಕಿ ಎತ್ತಿದರು. “ಬಾ, ಇಬ್ರೂ ಇಡ್ಕಂಡು ಓಗಾನ.”

ನಾನು ಹಿಡಿಯಲಿಲ್ಲ. ಹಿಂದೆ ನಡೆದೆ.

ಮಧ್ಯಾಹ್ನ ಎಲ್ಲರೂ ಸಾಲಾಗಿ ಕೂತೆವು. ಅಜ್ಜಿ ಸಾರಿನ ಮಡಕೆಯಿಂದ ತಲೆಯನ್ನು ಸೌಟಿನಲ್ಲಿ ಎತ್ತಿ ಹಿಡಿದು, “ಯಾರು ತಂದದ್ದು?” ಎಂದಳು. ಪ್ರತಿ ವರ್ಷ ಹಾಗೆ ಕೇಳುವುದು ರೂಢಿ.

“ನಿಮ್ಮ ಮೊಮ್ಮಗನೇ ಕಣಜ್ಜಿ” ಎಂದರು ಭಾವ. “ವಾರದಿಂದ ಉಣ್ಣಾಕಿಕ್ಕಿ ಕರ್ಸಿದ್ದ. ನಾನು ಕೈ ಇಡ್ಕಂಡು ಕರ್ಕಂಡ್ ಬಂದೆ.”

ಎಲ್ಲರೂ ನಕ್ಕರು. ಅಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ಅಜ್ಜಿ ಮಾತ್ರ ನಗಲಿಲ್ಲ.

“ಗಾಳ ಯಾರ್ದು?”

“ಗಾಳ ನಂದು” ಎಂದರು ಭಾವ.

ಅಜ್ಜಿ ಸೌಟನ್ನು ಅವರ ತಟ್ಟೆಗೆ ಬಗ್ಗಿಸಿದಳು. ಭಾವ ತಲೆಯನ್ನು ಮುರಿದು, ಕೆನ್ನೆಯ ಭಾಗವನ್ನು ನನ್ನ ಮುದ್ದೆಯ ಪಕ್ಕಕ್ಕೆ ಇಟ್ಟರು. ಅವರು ಕೊಡದೆ ತಿಂದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ತಟ್ಟೆ ಬಿಟ್ಟು ಏಳಬೇಕೆಂದುಕೊಂಡೆ. ಆದರೆ ಅದು ನನ್ನ ಹಿಂಡಿ ತಿಂದು ಕೊಬ್ಬಿದ ಮೀನು, ತಿಂದೆ. ಬಹಳ ರುಚಿಯಾಗಿತ್ತು. ಅದಕ್ಕೂ ಸಿಟ್ಟು ಬಂತು.

ಈಗ ೧೯೬೩. ಭಾವನಿಗೆ ಚನ್ನರಾಯಪಟ್ಟಣದಲ್ಲಿ ಬಸ್ಸಿನ ಕೆಲಸ ಸಿಕ್ಕಿ ಬಹಳ ದಿನವಾಯಿತು, ಬಾಗೂರಿನ ದಾರಿಯಲ್ಲಿ ಓಡಾಡುತ್ತಾರೆ. ತೊಡಕಿಗೆ ಮಾತ್ರ ತಪ್ಪದೆ ಬರುತ್ತಾರೆ, ಕೈಯಲ್ಲಿ ಗೂಡು. ಈಗ ಅವರ ಗೂಡೂ ತೆಂಗಿನ ಚಿಪ್ಪಿನದೇ. ಯಾರಿಂದ ಕಲಿತಿರಿ ಎಂದು ಯಾರಾದರೂ ಕೇಳಿದರೆ, “ಕಡಲ ಕಡೆ ಇಂಗೇ ಮಾಡೋದು” ಅನ್ನುತ್ತಾರೆ. ನಾನು ಪಂಚಾಂಗ ಓದುವಾಗ ಮೊದಲು ವಾರ ನೋಡುತ್ತೇನೆ. ಅಂದಿನಿಂದ ಇಂದಿನವರೆಗೆ ಆರು ತೊಡಕು. ತಲೆ ನನಗೆ ಮೂರು ಸಲ, ಅವರಿಗೆ ಮೂರು ಸಲ. ಅವರ ಮೂರರಲ್ಲಿ ಆ ಮೊದಲನೆಯದೂ ಸೇರಿದೆ. ಅದು ನನ್ನ ಲೆಕ್ಕಕ್ಕೆ ಬಂದರೆ ನಾಲ್ಕಕ್ಕೆ ಎರಡು. ಹೋದ ತಿಂಗಳು ಅಜ್ಜಿಯನ್ನು ಮತ್ತೆ ಕೇಳಿದೆ. “ಮೇವಿನ ಗೂಡು ನಮ್ಮ ಕಾಲದಾಗೆ ಇರ್ಲಿಲ್ಲ ಕಣ್ಲಾ, ಅದ್ರ ನ್ಯಾಯ ನಂಗೇನು ಗೊತ್ತು? ತಿಳ್ದೋರ ಕೇಳು” ಎಂದಳು.

ಅದಕ್ಕೇ ಇದನ್ನು ಬರೆದದ್ದು. ಹೊಳೆಯ ದಡದಲ್ಲಾಗಲಿ ಕಡಲ ದಡದಲ್ಲಾಗಲಿ ಮೇವಿನ ಗೂಡು ಇಟ್ಟು ಮೀನು ಹಿಡಿಯುವವರು ಇದನ್ನು ಓದುತ್ತಿದ್ದರೆ, ನಿಮ್ಮ ಕಡೆಯ ರೂಢಿ ಏನೆಂದು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಒಬ್ಬನು ಮೇವು ಹಾಕಿ ಕರೆದ ಮೀನು ಇನ್ನೊಬ್ಬನ ಗಾಳಕ್ಕೆ ಬಿದ್ದರೆ ಅದು ಯಾರ ಮೀನು? ಬರುವ ವರ್ಷದ ಯುಗಾದಿಗೆ ಮುಂಚೆ ತಿಳಿಸಿದರೆ ಉಪಕಾರವಾಗುತ್ತದೆ. ಉತ್ತರ ಭಾವನ ಪರವಾಗಿದ್ದರೂ ಬರೆಯಿರಿ, ಓದುತ್ತೇನೆ.